ಟೊಮೆಟೊ ತಳ ಕಪ್ಪಾಗುತ್ತಿದ್ದರೆ

ಕುಂಡದ ಟೊಮೆಟೊ ಕಾಯಿಗಳ ತಳ ಕಪ್ಪಾಗಿ ಒಳಕ್ಕೆ ಕುಸಿಯುತ್ತಿದೆ, ಯಾವ ಔಷಧಿ ಹೊಡೆಯಲಿ ಅಂತ ಕೇಳಿದ್ದೀರಿ. ಔಷಧಿ ಬೇಡ, ಇದು ಹುಳವೂ ಅಲ್ಲ, ಶಿಲೀಂಧ್ರವೂ ಅಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪುತ್ತಿಲ್ಲ. ಮಣ್ಣಿನಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತೆ, ಆದರೆ ನೀರಿನ ಜೊತೆಗೇ ಮೇಲೇರಬೇಕು. ಒಂದು ದಿನ ಮಣ್ಣು ಪೂರಾ ಒಣಗಿ, ಮರುದಿನ ಕೆಸರಾದರೆ ಆ ಹರಿವು ತಪ್ಪುತ್ತೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ಕುಂಡದ ತಳದ ತೂತಿನಿಂದ ನೀರು ಹೊರಬರುವವರೆಗೆ ನಿಧಾನವಾಗಿ ಹಾಕಿ. ಮೇಲೆ 5 ಸೆಂ.ಮೀ. ಒಣ ಎಲೆ ಹೊದಿಸಿ. ಕುಂಡ 20 ಲೀಟರಿಗಿಂತ ಚಿಕ್ಕದಿದ್ದರೆ ಮುಂದಿನ ಗಿಡಕ್ಕೆ ದೊಡ್ಡದನ್ನೇ ತನ್ನಿ. ಯೂರಿಯಾ ಹಾಕುತ್ತಿದ್ದರೆ ದಯವಿಟ್ಟು ನಿಲ್ಲಿಸಿ, ಎಲೆ ಹುಲುಸಾಗಿ ಕಾಯಿಯ ಪಾಲು ಕಸಿಯುತ್ತೆ. ಕ್ಯಾಲ್ಸಿಯಂಗೆಂದು ಹಾಕುವ ಮೊಟ್ಟೆಚಿಪ್ಪು ಕರಗಲು ತಿಂಗಳುಗಳೇ ಬೇಕು, ಈ ಬೆಳೆಗೆ ಒದಗದು. ಕಪ್ಪಾದ ಕಾಯಿ ಮತ್ತೆ ಸರಿಹೋಗಲ್ಲ, ಕಿತ್ತುಬಿಡಿ.