ತಾತನ ಕೋವಿಯನ್ನು ಕೆನಡಾದ ಬಾತು ಬೇಟೆಗೆ ಒಯ್ಯಬೇಕೇ?

ಚಿಂತಾಮಣಿಯಿಂದ ಪ್ರಶ್ನೆ ಕೇಳಿದವರೇ, ಮುಂದಿನ ಅಕ್ಟೋಬರಿನಲ್ಲಿ ಮಾರ್ಗದರ್ಶಕರೊಂದಿಗೆ ಬಾತು ಬೇಟೆಗೆ ಹೋಗಲು ಕೆನಡಾ ಮೇಲೋ ಅರ್ಜೆಂಟೀನಾ ಮೇಲೋ, ತಾತನ ಹನ್ನೆರಡು ಬೋರಿನ ಜೋಡುನಳಿಕೆ ಕೋವಿಯನ್ನು ಜೊತೆಗೆ ಒಯ್ಯುವುದು ಹೇಗೆ, ಹೊರಡುವ ಮುನ್ನ ಊರಿನ ಕೆರೆಯಲ್ಲಿ ನಾಲ್ಕು ಈಡು ಹೊಡೆದು ಕೈ ಪಳಗಿಸಿಕೊಳ್ಳಬಹುದೇ ಎಂದು ವಿಚಾರಿಸಿದ್ದೀರಿ. ಕೋವಿಯನ್ನು ಒಯ್ಯಬೇಡಿ. ಕೆರೆಯ ಕಡೆ ಅದನ್ನು ಹಿಡಿದುಕೊಂಡು ಹೋಗಲೂ ಬೇಡಿ. ದೇಶ ಯಾವುದೆಂಬ ಪ್ರಶ್ನೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ; ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನನ್ನದು ತುಮಕೂರು ಜಿಲ್ಲೆಯ ಶಿರಾ ಸೀಮೆ. ನಮ್ಮ ಮನೆಯಲ್ಲೂ ತಾತನ ಕಾಲದ ಇಂಗ್ಲಿಷ್ ಕೋವಿಯೊಂದಿದೆ. ಕಡಲೆಕಾಯಿ ಹೊಲಕ್ಕೆ ಹಂದಿ ಬೀಳುತ್ತಿದ್ದ ಕಾಲದಲ್ಲಿ ಬೆಳೆ ರಕ್ಷಣೆಗೆಂದು ಪಡೆದ ಪರವಾನಗಿ ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂತು. ನಿಜ ಹೇಳಬೇಕೆಂದರೆ ಆ ಕೋವಿ ಹೊಲಕ್ಕೆ ಹೋದದ್ದಕ್ಕಿಂತ ಠಾಣೆಗೆ ಹೋದದ್ದೇ ಹೆಚ್ಚು. ಚುನಾವಣೆ ಘೋಷಣೆಯಾದಾಗಲೆಲ್ಲ ಜಮೆ ಮಾಡು, ಫಲಿತಾಂಶ ಬಂದ ಮೇಲೆ ಬಿಡಿಸಿಕೊಂಡು ಬಾ. ಕಾಲೇಜಿನ ಗೆಳೆಯನೊಬ್ಬ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ನೆಲೆಸಿ, ಅಲ್ಲಿ ಪ್ರತಿ ಶರತ್ಕಾಲವೂ ಬಾತುಕೋಳಿ ಮತ್ತು ಹೆಬ್ಬಾತುಗಳ ಬೇಟೆಗೆ ಹೋಗುವುದನ್ನು ಫೋನಿನಲ್ಲಿ ವರ್ಣಿಸಿದಾಗ ನನಗೆ ಮೊದಲು ಹೊಳೆದದ್ದು ಹಕ್ಕಿಗಳಲ್ಲ, ಈ ಕೋವಿ. ಹುಟ್ಟಿದ್ದಕ್ಕೆ ಒಮ್ಮೆಯಾದರೂ ಅದು ತನ್ನ ಕೆಲಸ ಮಾಡಲಿ ಎನ್ನಿಸಿತು. ನಿಮ್ಮ ಪ್ರಶ್ನೆಯಲ್ಲಿಯೂ ಅದೇ ಆಸೆ ಕಾಣುತ್ತಿದೆ.

ಅಲ್ಲಿಂದ ಮುಂದೆ ನನ್ನ ತಯಾರಿಯೆಲ್ಲ ಕೋವಿಯ ಸುತ್ತಲೇ ನಡೆಯಿತು. ನಮ್ಮ ಪರವಾನಗಿಗಳಲ್ಲಿ ಕೋವಿ ಎಲ್ಲಿಯವರೆಗೆ ಹೋಗಬಹುದೆಂಬ ವ್ಯಾಪ್ತಿಯನ್ನು ಬರೆದಿರುತ್ತಾರೆ, ಬೆಳೆ ರಕ್ಷಣೆಯದ್ದಾದರೆ ಅದು ಬಹಳ ಕಿರಿದು. ಅದನ್ನು ವಿಸ್ತರಿಸಿಕೊಳ್ಳಲು ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಸವೆಸಿದೆ. ಬೆಂಗಳೂರು ವಿಮಾನ ನಿಲ್ದಾಣದಿಂದ ಹೊರಡುವಾಗ ಕೋವಿಯ ಸಂಖ್ಯೆ ನಮೂದಿಸಿದ ಪ್ರಮಾಣಪತ್ರವನ್ನು ಕಸ್ಟಮ್ಸ್‌ನವರಿಂದ ಪಡೆಯದಿದ್ದರೆ ಮರಳುವಾಗ ಅದು ಹೊಸದಾಗಿ ತಂದ ವಿದೇಶಿ ಆಯುಧವಲ್ಲವೆಂದು ಸಾಧಿಸುವ ಹೊಣೆ ನಮ್ಮದಾಗುತ್ತದೆ. ವಿಮಾನ ಸಂಸ್ಥೆಯ ಲಿಖಿತ ಒಪ್ಪಿಗೆ ಬೇಕು, ಗಟ್ಟಿ ಪೆಟ್ಟಿಗೆ ಮತ್ತು ಬೀಗ ಬೇಕು, ನಡುವೆ ವಿಮಾನ ಬದಲಿಸುವ ದೇಶ ಆಯುಧದ ಬಗ್ಗೆ ಏನು ಹೇಳುತ್ತದೆಂದು ತಿಳಿದಿರಬೇಕು. ಇಷ್ಟೆಲ್ಲದರ ಮುಂದೆ ಕೆನಡಾದ ವಿಧಾನವೇ ಸರಳವೆನಿಸಿತು: ಹೊರಗಿನಿಂದ ಬರುವವರು ಕೋವಿಯ ಘೋಷಣಾ ಪತ್ರವನ್ನು ತುಂಬಿ, ಸಹಿ ಮಾತ್ರ ಹಾಕದೆ ತಂದು, ಗಡಿಯ ಅಧಿಕಾರಿಯ ಎದುರಿನಲ್ಲಿಯೇ ಸಹಿ ಮಾಡಿ ಶುಲ್ಕ ಕಟ್ಟಿದರೆ ಅದು 60 ದಿನಗಳ ತಾತ್ಕಾಲಿಕ ಪರವಾನಗಿಯಾಗುತ್ತದೆ. ಅಧಿಕಾರಿ ಪೆಟ್ಟಿಗೆ ತೆರೆಸಿ ಸಂಖ್ಯೆ ನೋಡಿದರು, ಚೆನ್ನಾದ ಹಳೆಯ ಕೋವಿ ಎಂದರು. ಯುದ್ಧ ಗೆದ್ದೆನೆಂದುಕೊಂಡೆ.

ಗೆದ್ದದ್ದು ಕಾಗದದ ಯುದ್ಧ ಮಾತ್ರ. ಬೇಟೆಯ ಹಿಂದಿನ ಸಂಜೆ ಮಾರ್ಗದರ್ಶಕ ಎಲ್ಲರ ಕೋವಿಗಳನ್ನು ಮೇಜಿನ ಮೇಲಿರಿಸಿ ಒಂದೊಂದಾಗಿ ನೋಡಿದ. ನನ್ನದನ್ನು ಕೀಲಿನಲ್ಲಿ ಮಡಚಿ ತೆರೆದು, ನಳಿಕೆಗಳನ್ನು ಕಳಚಿ, ದೀಪಕ್ಕೆ ಹಿಡಿದು ಒಳಗೆ ಇಣುಕಿದ. ನಂತರ ನಳಿಕೆಯ ತಳದ ಚಪ್ಪಟೆ ಭಾಗದಲ್ಲಿ ಒತ್ತಿದ್ದ, ನಾನು ಎಷ್ಟೋ ಬಾರಿ ಎಣ್ಣೆ ಒರೆಸಿದ್ದರೂ ಒಮ್ಮೆಯೂ ಓದಿರದ ಪುಟ್ಟ ಮುದ್ರೆಗಳ ಮೇಲೆ ಹೆಬ್ಬೆರಳ ಉಗುರನ್ನು ಓಡಿಸಿ, ಇದನ್ನು ನಾಳೆ ಹೊಲಕ್ಕೆ ಬಿಡುವುದಿಲ್ಲ ಎಂದುಬಿಟ್ಟ.

ಕಾರಣವನ್ನು ಕೊಂಚ ವಿವರವಾಗಿಯೇ ಹೇಳುತ್ತೇನೆ. ಸಹನೆಯಿಂದ ಓದಿ, ಏಕೆಂದರೆ ನಿಮ್ಮ ತಾತನ ಕೋವಿಯೂ ಬಹುಪಾಲು ಇದೇ ಜಾತಿಯದ್ದಾಗಿರುತ್ತದೆ. ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು, ಅಂದರೆ ತೋಟಾದೊಳಗೆ ತುಂಬುವ ಸಣ್ಣ ಗುಂಡುಗಳನ್ನು, ಬಳಸುವುದು ಅಮೆರಿಕದಲ್ಲಿ 1991ರಿಂದಲೂ ಕೆನಡಾದಲ್ಲಿ 1999ರಿಂದಲೂ ದೇಶದಾದ್ಯಂತ ನಿಷಿದ್ಧ. ಬಾತುಗಳು ಕಾಳನ್ನು ಅರೆಯಲೆಂದು ಕೆರೆಯ ತಳದ ಸಣ್ಣ ಕಲ್ಲುಗಳನ್ನು ನುಂಗುತ್ತವೆ. ಕಲ್ಲಿನ ಜೊತೆಗೆ ಹಳೆಯ ಬೇಟೆಗಳ ಸೀಸದ ಚರೆಯೂ ಒಳಗೆ ಹೋಗಿ, ಹೊಟ್ಟೆಯಲ್ಲಿ ತೇದು ವಿಷವಾಗಿ, ಈಡು ತಗಲದ ಹಕ್ಕಿಗಳೂ ಸಾಯುತ್ತಿದ್ದವು. ಹಾಗಾಗಿ ಈಗ ಅಲ್ಲಿ ಸಾಮಾನ್ಯವಾಗಿ ಬಳಸುವುದು ಉಕ್ಕಿನ ಚರೆ. ಸೀಸ ಮೆತ್ತಗಿರುತ್ತದೆ, ನಳಿಕೆಯ ತುದಿ ಕಿರಿದಾಗುವ ಜಾಗದಲ್ಲಿ, ಅಂದರೆ ಚೋಕ್‌ನಲ್ಲಿ, ಒತ್ತಿಕೊಂಡು ನುಸುಳುತ್ತದೆ. ಉಕ್ಕು ಒತ್ತಿಕೊಳ್ಳುವುದಿಲ್ಲ. ಬಿಗಿಯಾದ ಚೋಕ್ ಇರುವ ತೆಳು ಗೋಡೆಯ ಹಳೆಯ ನಳಿಕೆಗೆ ಉಕ್ಕಿನ ಚರೆ ತುಂಬುವುದೆಂದರೆ ಕಬ್ಬಿನ ಗಾಣಕ್ಕೆ ಕಲ್ಲು ಕೊಟ್ಟಂತೆ. ತುದಿ ಉಬ್ಬಿಕೊಳ್ಳುವ ಅಪಾಯವಿದೆ.

ಅದಕ್ಕಿಂತ ಕೆಟ್ಟದ್ದು ತೋಟಾದ ಉದ್ದ. ನನ್ನ ಕೋವಿಯ ಮುದ್ರೆ ಹೇಳುತ್ತಿದ್ದದ್ದು ಎರಡೂವರೆ ಇಂಚಿನ, ಎಂದರೆ 65 ಮಿಲಿಮೀಟರಿನ ಚೇಂಬರ್, ಅಂದರೆ ನಳಿಕೆಯ ಬುಡದಲ್ಲಿ ತೋಟಾ ಕೂರುವ ಗೂಡು. ಆ ಊರಿನ ಅಂಗಡಿಯಲ್ಲಿದ್ದದ್ದು ಮೂರು ಇಂಚಿನ ಉಕ್ಕಿನ ತೋಟಾ. ತೋಟಾದ ಉದ್ದವನ್ನು ಹೇಳುವುದು ಅದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನ ಅಳತೆಯಲ್ಲಿ. ಸಿಡಿಯುವ ಮೊದಲು ಬಾಯಿ ಮಡಚಿಕೊಂಡಿರುವುದರಿಂದ ಉದ್ದನೆಯ ತೋಟಾ ಗಿಡ್ಡ ಚೇಂಬರಿನೊಳಗೆ ತಕರಾರಿಲ್ಲದೆ ಕುಳಿತುಬಿಡಬಹುದು, ಕೋವಿಯೂ ಸಲೀಸಾಗಿ ಮುಚ್ಚಿಕೊಳ್ಳಬಹುದು. ಕುದುರೆ, ಅಂದರೆ ಟ್ರಿಗರ್, ಎಳೆದಾಗ ತೋಟಾಕ್ಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ, ಮತ್ತು ಆ ನಳಿಕೆಗೆ ನಮ್ಮ ಎಡಗೈ ಅಂಟಿಕೊಂಡಿರುತ್ತದೆ. ತೋಟಾ ಒಳಗೆ ಹೋಯಿತು, ಆದ್ದರಿಂದ ಸರಿಯಿದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಳೆಯ ಕೋವಿಗಳಿಗೆ ಹೊಂದುವ, ಬಿಸ್ಮತ್ ಎಂಬ ಲೋಹದ ಚರೆಯ ಗಿಡ್ಡ ತೋಟಾಗಳೂ ಉಂಟು. ಬಿಸ್ಮತ್ ಮೆತ್ತಗಿರುತ್ತದೆ, ಸೀಸಕ್ಕಿಂತ ತುಸು ಹಗುರ, ಬೆಲೆ ಮಾತ್ರ ಬಹಳ ಭಾರ. ಅವನ್ನು ಮೊದಲೇ ಹೇಳಿ ತರಿಸಿಡಬೇಕು. ಸೆಪ್ಟೆಂಬರಿನ ಕೊನೆಯ ವಾರ, ಗೋಧಿ ಹೊಲಗಳ ನಡುವಿನ ಪುಟ್ಟ ಊರಿನಲ್ಲಿ, ರಾತ್ರಿ ಊಟದ ಹೊತ್ತಿಗೆ ಅವು ಹುಟ್ಟಿಕೊಳ್ಳುವುದಿಲ್ಲ.

ಮಾರ್ಗದರ್ಶಕ ಕಳಿಸಿದ್ದ ಕಾಗದದಲ್ಲಿ ವಿಷರಹಿತ ಚರೆ ಮಾತ್ರ ಎಂದು ಮೊದಲೇ ಬರೆದಿತ್ತು. ನಾನು ಓದಿದ್ದೆ ಕೂಡ. ತೋಟಾವನ್ನು ಅಲ್ಲಿಯೇ ಕೊಳ್ಳುವುದು ತಾನೇ, ಅಂಗಡಿಯವನು ಕೊಡುವುದೇ ವಿಷರಹಿತವಾಗಿರುತ್ತದೆ ಎಂದುಕೊಂಡು ಮುಂದೆ ಹೋಗಿದ್ದೆ. ತಿಂಗಳುಗಟ್ಟಲೆ ಕಚೇರಿ ಅಲೆದವನು ಕೋವಿಯ ಮುದ್ರೆಗಳ ಒಂದು ಛಾಯಾಚಿತ್ರ ತೆಗೆದು ಅವನಿಗೆ ಕಳಿಸಿದ್ದರೆ ಉತ್ತರ ಮರುದಿನವೇ ಬರುತ್ತಿತ್ತು. ಕೋವಿ ನಮ್ಮ ದೇಶ ಬಿಡಬಹುದೇ, ಅವರ ದೇಶ ಸೇರಬಹುದೇ ಎಂದು ಕೇಳಿದೆನೇ ಹೊರತು ಅಲ್ಲಿನ ತೋಟಾವನ್ನು ತಿನ್ನಬಲ್ಲುದೇ ಎಂದು ಯಾರನ್ನೂ ಕೇಳಲಿಲ್ಲ.

ನಷ್ಟ ಹಣದ್ದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಮಾರ್ಗದರ್ಶಕ ತನ್ನ ಅರೆ ಸ್ವಯಂಚಾಲಿತ ಕೋವಿಯೊಂದನ್ನು ಕೊಟ್ಟ. ಬೆಳಕು ಹರಿಯುವ ಮುನ್ನವೇ ಕೊಯ್ಲಾದ ಬಟಾಣಿ ಹೊಲದಲ್ಲಿ ಬೊಂಬೆ ಹಕ್ಕಿಗಳನ್ನು ಹರಡಿ, ಗಾಳಿಗೆ ಬೆನ್ನು ಕೊಟ್ಟು ಮರೆಯಲ್ಲಿ ಕುಳಿತೆವು. ಹಕ್ಕಿ ಇಳಿಯುವುದು ಗಾಳಿಗೆ ಎದುರಾಗಿ. ಆದ್ದರಿಂದ ಗಾಳಿ ಬೀಸಿ ಹೋಗುವ ದಿಕ್ಕಿಗೆ ಬೊಂಬೆಗಳ ನಡುವೆ ತೆರಪು ಬಿಟ್ಟು, ಅಲ್ಲಿಗೇ ಅವು ಬರುವಂತೆ ಮಾಡುತ್ತಾರೆ. ಬಂದವು. ಮೊದಲ ಗುಂಪು ಸೂಜಿಬಾಲದ ಬಾತುಗಳದ್ದು, ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುವ ಜಾತಿ. ರೆಕ್ಕೆ ಬಿಗಿಹಿಡಿದು, ಕಾಲು ಇಳಿಬಿಟ್ಟು ತೂಗುತ್ತ ಬಂದಾಗ ಎದ್ದು ಕೋವಿ ಏರಿಸಿದೆ. ನನ್ನ ಹೆಬ್ಬೆರಳು ಹಿಡಿಕೆಯ ಮೇಲೆ ಅಲ್ಲಿಲ್ಲದ ಸೇಫ್ಟಿಯನ್ನು, ಅಂದರೆ ಈಡು ತಡೆಯುವ ಗುಂಡಿಯನ್ನು, ತಳ್ಳುತ್ತಿತ್ತು. ಆ ಕೋವಿಯಲ್ಲಿ ಅದು ಕುದುರೆಯ ಹಿಂದೆ ಅಡ್ಡಲಾಗಿ ಒತ್ತುವ ಗುಂಡಿ. ಅದನ್ನು ಕಂಡುಕೊಂಡು ಒಂದು ಈಡು ಹೊಡೆದ ಮೇಲೆ ಬೆರಳು ಎರಡನೆಯ ಕುದುರೆಯನ್ನು ಹುಡುಕಿ ಹಿಂದಕ್ಕೆ ಸರಿಯಿತು. ಅಲ್ಲಿದ್ದದ್ದು ಒಂದೇ ಕುದುರೆ. ಜೋಡುನಳಿಕೆಗೆ ಒಗ್ಗಿದ ಕೈಯನ್ನು ಒಂದು ಬೆಳಗಿನಲ್ಲಿ ತಿದ್ದಲಾಗದು. ಪಕ್ಕದಲ್ಲಿದ್ದ ಲ್ಯಾಬ್ರಡಾರ್ ನಾಯಿ ಬೀಳದ ಹಕ್ಕಿಗಾಗಿ ಆಕಾಶ ನೋಡಿ, ನನ್ನನ್ನು ನೋಡಿ, ಮತ್ತೆ ಮಲಗಿತು.

ಹಾಗಾಗಿ ನನ್ನ ಖಚಿತ ಅಭಿಪ್ರಾಯವೆಂದರೆ, ಮಾರ್ಗದರ್ಶಕನ ಕೋವಿಯನ್ನೇ ಬಾಡಿಗೆಗೆ ಗೊತ್ತು ಮಾಡಿಕೊಳ್ಳಿ, ಮತ್ತು ಬೇಟೆಗೆ ಮುನ್ನ ಅಲ್ಲಿಯೇ ಅದೇ ಕೋವಿಯಲ್ಲಿ, ಅದೇ ಉಕ್ಕಿನ ತೋಟಾಗಳಲ್ಲಿ, ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡಲು ಸಮಯ ಕಾದಿರಿಸಿ. ಉಕ್ಕು ಸೀಸಕ್ಕಿಂತ ಹಗುರವಾದ್ದರಿಂದ ದೂರದಲ್ಲಿ ಬೇಗ ಸೊರಗುತ್ತದೆ. ಬಾತಿಗೆ 2ನೇ ನಂಬರಿನಂತಹ ದಪ್ಪ ಚರೆ ಬಳಸಿ, ಮೂವತ್ತು ಮೂವತ್ತೈದು ಗಜದೊಳಗೆ ಬಂದಾಗ ಮಾತ್ರ ಹೊಡೆಯಬೇಕು. ಕೆನಡಾದ ಪರವಾನಗಿ ಉಳ್ಳವರ ನೇರ ಮೇಲ್ವಿಚಾರಣೆಯಲ್ಲಿ ಅವರ ಕೋವಿ ಬಳಸಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಹೊರಗಿನವರು ಎರವಲು ಪಡೆಯಲೆಂದೇ ತಾತ್ಕಾಲಿಕ ಪರವಾನಗಿಯೂ ಇದೆ. ಇವುಗಳಲ್ಲಿ ತಾನು ಯಾವುದರಂತೆ ನಡೆಯುತ್ತೇನೆಂದು ಮಾರ್ಗದರ್ಶಕ ಬರೆದು ಕೊಡಲಿ. ಬರೆದು ಕೊಡಲು ಹಿಂಜರಿಯುವವನ ಜೊತೆ ಹೋಗಬೇಡಿ.

ಊರ ಕೆರೆಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ನಮ್ಮಲ್ಲಿ ಹವ್ಯಾಸದ ಬೇಟೆಗೆ ಪರವಾನಗಿಯೆಂಬುದೇ ಇಲ್ಲ. ಬಾತು ಹೊಡೆದರೆ ಅದು ಅಭ್ಯಾಸವಲ್ಲ, ಅಪರಾಧ. ಕಾನೂನು ಬದಿಗಿಟ್ಟರೂ ನಿಮ್ಮ ಭಾಗದಲ್ಲಿ ಆ ಕೆಲಸಕ್ಕೆ ಮನಸ್ಸು ಹೇಗೆ ಬಂದೀತು? ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲಲ್ಲವೇ ಕೋಲಾರದ ಎಷ್ಟೋ ಒಣಗಿದ ಕೆರೆಗಳಲ್ಲಿ ಮತ್ತೆ ರೆಕ್ಕೆಯ ಸದ್ದು ಕೇಳಿಸಿದ್ದು. ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರವರೇ ಕಾಯುತ್ತಾರೆ. ಅಲ್ಲಿಂದ ಬಂದ ನಮ್ಮ ಸೊಸೆಗೆ ನನ್ನ ಕೆನಡಾ ಪ್ರವಾಸದ ಉದ್ದೇಶ ಪೂರ್ತಿ ತಿಳಿದ ದಿನ ಮನೆಯಲ್ಲಿ ಕಾಫಿ ತಡವಾಯಿತು. ಎರಡೂ ದೇಶಗಳಲ್ಲಿ ಒಂದೇ ಜಾತಿಯ ಬಾತು ಇರಬಹುದು, ಆದರೆ ಅಲ್ಲಿ ಗಣತಿ, ಋತು, ಮಿತಿ ಎಲ್ಲವೂ ಕಟ್ಟುನಿಟ್ಟಾಗಿ ನಡೆದು ಬಂದಿದೆ. ಸಸ್ಕಾಚೆವಾನಿನಲ್ಲಿ ಒಬ್ಬರಿಗೆ ದಿನಕ್ಕೆ 8 ಬಾತು, ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಇರಕೂಡದು, ಬಿದ್ದ ಹಕ್ಕಿಯನ್ನು ಹುಡುಕಿ ತರಲೇಬೇಕು, ಜಾತಿ ಗುರುತಿಸಲೆಂದು ಒಂದು ರೆಕ್ಕೆಯನ್ನು ಗರಿಸಮೇತ ಉಳಿಸಿಕೊಂಡೇ ಸಾಗಿಸಬೇಕು.

ಇನ್ನು ಮಾರ್ಗದರ್ಶಕನ ಆಯ್ಕೆ. ಜಾಲತಾಣದಲ್ಲಿ ಹಕ್ಕಿಗಳನ್ನು ಸಾಲಾಗಿ ಜೋಡಿಸಿ ನಗುತ್ತ ನಿಂತವರ ಚಿತ್ರಗಳನ್ನು ನೋಡಿ ತೀರ್ಮಾನಿಸಬೇಡಿ. ಹಿಂದಿನ ಸಂಜೆ ಹಕ್ಕಿಗಳು ಯಾವ ಹೊಲದಲ್ಲಿ ಮೇಯುತ್ತಿವೆಯೆಂದು ಯಾರು ನೋಡಿ ಬರುತ್ತಾರೆ, ಆ ಹೊಲದ ರೈತನ ಅನುಮತಿ ಯಾರ ಕೈಯಲ್ಲಿದೆ, ಎಂದು ಕೇಳಿ; ಇಡೀ ಬೇಟೆ ನಿಂತಿರುವುದು ಆ ಸಂಜೆಯ ಕೆಲಸದ ಮೇಲೆ. ಬೇಟೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕೇ ಎಂಬುದನ್ನೂ ಮೊದಲ ಪತ್ರದಲ್ಲಿಯೇ ಕೇಳಿ, ಏಕೆಂದರೆ ಬೇಟೆಯೇ ಇಲ್ಲದ ದೇಶದಿಂದ ಹೋಗುವ ನಮ್ಮ ಬಳಿ ಅಂಥದ್ದು ಇರುವುದಿಲ್ಲ. ಒಕ್ಕೂಟ ಸರ್ಕಾರದ ವಲಸೆ ಹಕ್ಕಿ ಬೇಟೆ ಪರವಾನಗಿ ಬೇರೆ, ಪ್ರಾಂತ್ಯದ ಪರವಾನಗಿ ಬೇರೆ. ಎರಡೂ ಬೇಕು, ಮತ್ತು ಇವು ಪ್ಯಾಕೇಜಿನ ದರದಲ್ಲಿ ಸೇರಿರುತ್ತವೆಂದು ಊಹಿಸಿಕೊಳ್ಳಬೇಡಿ. ತೋಟಾ, ಕೋವಿಯ ಬಾಡಿಗೆ, ಹಕ್ಕಿ ಶುಚಿಗೊಳಿಸುವ ಕೂಲಿ, ಭಕ್ಷೀಸು ಇವುಗಳ ಕತೆಯೂ ಅದೇ. ವೀಸಾ ಕೈಗೆ ಬರುವ ಮೊದಲು, ಮರಳಿ ಸಿಗದ ಮುಂಗಡವನ್ನು ಯಾರಿಗೂ ಕಟ್ಟಬೇಡಿ.

ಅರ್ಜೆಂಟೀನಾದಲ್ಲಿ ಬಾತು ಬೇಟೆಯ ಋತು ಅವರ ಚಳಿಗಾಲಕ್ಕೆ, ಸುಮಾರು ಮೇ ತಿಂಗಳಿಂದ ಆಗಸ್ಟ್‌ವರೆಗೆ. ನಿಮಗಿರುವ ರಜೆ ಅಕ್ಟೋಬರಿನಲ್ಲಿ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ರಜೆಯನ್ನು ಬದಲಿಸಲು ಸಾಧ್ಯವಾದರೂ ನಾನು ಕೆನಡಾ ಎಂದೇ ಹೇಳುವೆ: ಅಲ್ಲಿ ಕನ್ನಡಿಗರ ಮನೆಯೊಂದಾದರೂ ಸಿಗುತ್ತದೆ, ಭಾಷೆಯ ತೊಡಕಿಲ್ಲ, ಮತ್ತು ಮೇಲೆ ಹೇಳಿದ ನಿಯಮಗಳನ್ನು ನೀವೇ ಓದಿ ತಿಳಿದುಕೊಳ್ಳಬಹುದು.

ಗೋಡೆಗೆ ತೂಗುಹಾಕಲು ಗರಿಯನ್ನೋ, ಹುಲ್ಲು ತುಂಬಿದ ಹಕ್ಕಿಯನ್ನೋ ತರಬಹುದೇ ಎಂದೂ ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ಬೇಡ. ವನ್ಯಜೀವಿ ಕಾಯ್ದೆ ಒಂದು ಕಡೆ, ಹಕ್ಕಿಜ್ವರದ ಕಾರಣಕ್ಕೆ ಹಕ್ಕಿಯ ಮಾಂಸ ಮತ್ತು ಗರಿಯ ಆಮದಿನ ಮೇಲಿರುವ ನಿರ್ಬಂಧ ಇನ್ನೊಂದು ಕಡೆ; ಒಂದು ಗರಿಗಾಗಿ ದೇವನಹಳ್ಳಿಯಲ್ಲಿ ಅಧಿಕಾರಿಗಳ ಮುಂದೆ ನಿಲ್ಲುವುದು ಯಾರಿಗೆ ಬೇಕು. ಮಾಂಸವನ್ನು ಅಲ್ಲಿಯೇ ಸಾರು ಮಾಡಿ ಉಂಡು ಮುಗಿಸಿ. ಬಾತಿನ ಮಾಂಸಕ್ಕೆ ಮೆಣಸು, ಬೆಳ್ಳುಳ್ಳಿ ಧಾರಾಳವಾಗಿ ಬೇಕಾಗುತ್ತದೆ. ಪುಡಿಯನ್ನು ಊರಿಂದ ಕಟ್ಟಿಕೊಂಡು ಹೋಗಿ, ಕೋವಿಯ ಪೆಟ್ಟಿಗೆ ಇಲ್ಲದಿರುವುದರಿಂದ ಸಾಮಾನಿನಲ್ಲಿ ಅದಕ್ಕೆ ಜಾಗವಿರುತ್ತದೆ.