ಕೈಗೆ ಅಂಟದ ಪಾದರಸ ಉಸಿರಿನಲ್ಲಿ ಹೋಗುತ್ತದೆ

ಅಕ್ಕಾವರೇ,

ಲಿಂಗಸುಗೂರಿನಿಂದ ಬರೆದ ನಿಮ್ಮ ಪತ್ರ ಓದಿದೆ. ಪತ್ತಾರಿಕೆ (ಅಕ್ಕಸಾಲಿ ಕೆಲಸ) ಮಾಡುವ ನಿಮ್ಮ ಯಜಮಾನರು ಅಂಗಡಿಯ ಕಸ ಮನೆಗೆ ತಂದು ತೊಳೆದು, ಪಾದರಸ ಹಾಕಿ ಚಿನ್ನದ ಪುಡಿ ಹಿಡಿಯುತ್ತಾರೆ. ಈಗೀಗ ಚಿಮಟ ಹಿಡಿದರೆ ಕೈ ನಡುಗುತ್ತದೆ, ವಸಡು ಊದಿದೆ, ಸುಮ್ಸುಮ್ನೆ ಸಿಟ್ಟು ಬರುತ್ತದೆ. ಮಂದಿ ಕುಡಿತ ಅಂತಾರೆ, ಅವರು ಕುಡಿಯುವವರೇ ಅಲ್ಲ. ‘ಪಾದರಸ ಕೈಗೇ ಅಂಟಲ್ಲ, ಮೈಯೊಳಗೆ ಹೇಗೆ ಹೋದೀತು?’ ಅಂತ ಕೇಳಿದ್ದೀರಿ.

ಉಸಿರಿನಲ್ಲಿ ಹೋಗುತ್ತದೆ. ಚಿನ್ನದ ಪುಡಿ ಹಿಡಿದ ಪಾದರಸವನ್ನು ಬಟ್ಟೆಯಲ್ಲಿ ಹಿಂಡಿ, ಉಳಿದ ಉಂಡೆಯನ್ನು ಅಗ್ಗಿಷ್ಟಿಕೆಯಲ್ಲಿ ಕಾಯಿಸಿದಾಗ ಚಿನ್ನ ಉಳಿಯುತ್ತದೆ, ಪಾದರಸ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಳೆದುಕೊಂಡಿದ್ದರಲ್ಲಿ ನೂರಕ್ಕೆ ಸುಮಾರು 80ರಷ್ಟು ರಕ್ತಕ್ಕೆ ಸೇರಿ ಮಿದುಳಿಗೆ, ಮೂತ್ರಪಿಂಡಕ್ಕೆ ಹೋಗುತ್ತದೆ. ಕೈನಡುಕ, ವಸಡು ಊತ, ಸಿಟ್ಟು, ನಿದ್ದೆಗೇಡು, ಮರೆವು ಇವೆಲ್ಲ ಬಹಳ ದಿನ ಈ ಆವಿಯಲ್ಲಿ ದುಡಿದವರಲ್ಲಿ ಕಾಣುವಂಥವೇ. ಬೇರೆ ಕಾರಣವೂ ಇರಬಹುದು, ಪರೀಕ್ಷೆ ಆಗಲೇಬೇಕು. ಆದರೆ ಕುಡಿತದ ಮಾತನ್ನು ದಯವಿಟ್ಟು ತಲೆಗೆ ಹಚ್ಚಿಕೊಳ್ಳಬೇಡಿ.

ನನಗೆ ಜಾಸ್ತಿ ಭಯವಾಗಿದ್ದು ನಿಮ್ಮ ಕೊನೆಯ ಸಾಲು ಓದಿ. ಅದೇ ಕೋಣೆಯಲ್ಲಿ ಮಕ್ಕಳು ಮಲಗುತ್ತಾರೆ, ನೀವು ಬಸುರಿ. ಪಾದರಸ ತಾಯಿಯ ರಕ್ತದಿಂದ ಹೊಟ್ಟೆಯಲ್ಲಿರುವ ಕೂಸಿಗೂ ದಾಟುತ್ತದೆ. ಮನೆಯೊಳಗೆ ಕಾಯಿಸುವುದು ಇವತ್ತೇ ನಿಲ್ಲಲಿ. ಮೂಗಿಗೆ ಟವೆಲ್ ಕಟ್ಟಿದರೆ ಆವಿ ತಡೆಯುವುದಿಲ್ಲ. ಬಯಲಲ್ಲಿ ಕಾಯಿಸಿದರೂ ಕಾಯಿಸುವವರಿಗೆ ತಪ್ಪಿದ್ದಲ್ಲ.

ಇನ್ನು ನೆಲ. ಶಹಾಬಾದ್ ಕಲ್ಲಿನ ಸಂದಿನಲ್ಲಿ ಕೂತ ಸಣ್ಣ ಹನಿ ಕಾಯಿಸದಿದ್ದರೂ ಆವಿಯಾಗುತ್ತಲೇ ಇರುತ್ತದೆ. ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ಇನ್ನೂ ಜಾಸ್ತಿ. ಕಸಬರಿಗೆ ಹಾಕಬೇಡಿ, ಹನಿ ಒಡೆದು ನೂರಾಗುತ್ತದೆ. ಕಿಟಕಿ ತೆರೆದು, ಗಟ್ಟಿ ರಟ್ಟಿನಿಂದ ಹನಿಗಳನ್ನು ಕೂಡಿಸಿ, ಡ್ರಾಪರಿನಿಂದ ಎತ್ತಿ, ನೀರಿರುವ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಬೇಕು. ತೀರಾ ಸಣ್ಣವಕ್ಕೆ ಅಂಟುಪಟ್ಟಿ ಒತ್ತಿದರೆ ಸಾಕು. ಮೋರಿಗೆ ಮಾತ್ರ ಸುರಿಯಬಾರದು. ಈ ಕೆಲಸ ನೀವು ಮಾಡಬೇಡಿ, ಆ ಹೊತ್ತು ಮಕ್ಕಳನ್ನು ಕರೆದುಕೊಂಡು ಹೊರಗಿರಿ.

ಆಮೇಲೆ ಎಲ್ಲರೂ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ ಬನ್ನಿ. ಕೈನಡುಕ ಅಂತಷ್ಟೇ ಹೇಳಿದರೆ ಡಾಕ್ಟರಿಗೆ ಪಾದರಸ ಹೊಳೆಯದೇ ಹೋಗಬಹುದು. ಮೊದಲು ಕಸುಬು ಏನು ಅಂತ ಹೇಳಿ. ಮೂತ್ರದಲ್ಲಿ ಪಾದರಸ ಎಷ್ಟಿದೆ ಅಂತ ನೋಡುವ ಪರೀಕ್ಷೆ ಇದೆ, ಅದನ್ನು ಕೇಳಿ. ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಕಳಿಸಬೇಕಾಗಬಹುದು. ಯಾರೋ ಹೇಳಿದರು ಅಂತ ಭಸ್ಮ ಗಿಸ್ಮ ಕೊಡಬೇಡಿ, ಕೆಲವು ಭಸ್ಮಗಳಲ್ಲಿ ಪಾದರಸವೇ ಇರುತ್ತದೆ. ಆವಿ ಪೂರ್ತಿ ನಿಂತ ಮೇಲೆ ಮೈಯಲ್ಲಿರುವುದರಲ್ಲಿ ಅರ್ಧದಷ್ಟು ಹೊರಹೋಗಲು ಸುಮಾರು 2 ತಿಂಗಳು ಬೇಕು. ಆಗ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಏನು ಬಂತು ಅಂತ ನನಗೂ ಬರೆಯಿರಿ.

— ಸಂಪಾದಕ