ಊತ ಇಳಿಸೋದಾ, ಬಿಡೋದಾ? ಕೂಡದ ಮೂಳೆಯ ಕಥೆ

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನ ಮೊಣಕಾಲಿನ ಕೆಳಗಿನ ಮೂಳೆ ಮುರಿದು ರಾಡ್ ಹಾಕಿ ಹತ್ತು ತಿಂಗಳಾಯ್ತು, ಇನ್ನೂ ಕೂಡ್ಕೊಂಡಿಲ್ಲ. ಇಮ್ಯೂನ್ ಸೆಲ್‌ಗಳನ್ನ ತಿದ್ದೋ ಪ್ರೋಟೀನ್‌ನ ಜೆಲ್ ಒಳಗಿಟ್ಟು ಸ್ವಲ್ಪ ಸ್ವಲ್ಪವಾಗಿ ಬಿಟ್ರೆ ಮೂಳೆ ಬೆಳೆಯುತ್ತೆ ಅಂತ ಓದಿದೆ. ಒಂದು ಇಂಜೆಕ್ಷನ್ ಕೊಟ್ರೆ ಸಾಲಲ್ವಾ? ಮುರಿದಾಗ್ಲೇ ಊತ ಪೂರ್ತಿ ಇಳಿಸಿಬಿಟ್ಟಿದ್ರೆ ಒಳ್ಳೇದಿತ್ತಲ್ವಾ?

ಉತ್ತರ: ಊತದ ವಿಷಯ ಮೊದಲು ಹೇಳ್ತೀನಿ, ಯಾಕಂದ್ರೆ ಎಲ್ಲ ಗೊಂದಲ ಇರೋದೇ ಅಲ್ಲಿ. ಮೂಳೆ ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಅಲ್ಲಿಗೆ ಮ್ಯಾಕ್ರೋಫೇಜ್ ಅನ್ನೋ ಇಮ್ಯೂನ್ ಸೆಲ್‌ಗಳು ಬಂದು ಸತ್ತಿದ್ದನ್ನೆಲ್ಲ ತಿಂದು ಹಾಕಿ, ಮೂಳೆ ಕಟ್ಟೋ ಸೆಲ್‌ಗಳನ್ನ ಕರೆಯೋ ಸಿಗ್ನಲ್ ಕಳಿಸ್ತವೆ, ಮೊದಲ ಕೆಲವು ದಿನದ ಆ ಊತ ಇಲ್ದಿದ್ರೆ ರಿಪೇರಿ ಸರಿಯಾಗಿ ಶುರುನೇ ಆಗಲ್ಲ. ಆಮೇಲೆ ಅದೇ ಮ್ಯಾಕ್ರೋಫೇಜ್‌ಗಳು ಸ್ವಭಾವ ಬದಲಿಸಿ ಕಟ್ಟೋ ಕೆಲಸಕ್ಕೆ ನೆರವಾಗ್ಬೇಕು. ಆ ಬದಲಾವಣೆ ಆಗ್ದೆ ಊತ ತಿಂಗಳುಗಟ್ಟಲೆ ಹಾಗೇ ಉಳಿದ್ರೆ ಮೂಳೆ ಕೂಡೋದು ಕಷ್ಟ. ಅಂದ್ರೆ ಊತ ಬೇಕು, ಆದ್ರೆ ಟೈಮಿಗೆ ಹೋಗ್ಬೇಕು.

ಇಂಜೆಕ್ಷನ್ ಯಾಕೆ ಸಾಲಲ್ಲ ಅನ್ನೋದಕ್ಕೂ ಉತ್ತರ ಈ ಟೈಮೇ. ಮ್ಯಾಕ್ರೋಫೇಜ್‌ಗಳ ಸ್ವಭಾವ ಬದಲಿಸೋ ಐಎಲ್-4 ಥರದ ಪ್ರೋಟೀನ್ ರಕ್ತಕ್ಕೆ ಹೋದ್ರೆ ಬೇಗ ಕರಗಿಹೋಗುತ್ತೆ, ಮೈತುಂಬಾ ಹರಡುತ್ತೆ, ಮುರಿದ ಜಾಗದಲ್ಲಿ ಎಷ್ಟು ದಿನ ಬೇಕೋ ಅಷ್ಟು ದಿನ ನಿಲ್ಲಲ್ಲ. ಜಾಸ್ತಿ ಡೋಸ್ ಕೊಟ್ರಾಯ್ತಲ್ಲ ಅಂತೀರಾ? ಮೂಳೆ ಬೆಳೆಸೋ ಬಿಎಂಪಿ-2 ಅನ್ನೋ ಪ್ರೋಟೀನ್ ವಿಷಯದಲ್ಲಿ ಅದನ್ನ ನೋಡಿದೀವಿ. ಕೊಲಾಜನ್ ಸ್ಪಂಜ್‌ನಲ್ಲಿ ನೆನೆಸಿ ಇಡೋ ಈ ಔಷಧಿಗೆ ಅಮೆರಿಕದಲ್ಲಿ 2002ರಲ್ಲಿ ಬೆನ್ನುಮೂಳೆಯ ಸರ್ಜರಿಗೆ ಒಪ್ಪಿಗೆ ಸಿಕ್ತು, ಸ್ಪಂಜ್‌ನಿಂದ ಬೇಗ ಹೊರಗೆ ಬರುತ್ತೆ ಅಂತ ಡೋಸ್ ತುಂಬಾ ಇರ್ಬೇಕು, ಕುತ್ತಿಗೆ ಭಾಗಕ್ಕೆ ಬಳಸಿದಾಗ ಗಂಟಲು ಊದಿ ಉಸಿರಾಟಕ್ಕೇ ತೊಂದ್ರೆ ಆದವರಿದ್ರು, 2008ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಡ್ಬೇಕಾಯ್ತು. ನನ್ನ ಪ್ರಕಾರ ಔಷಧಿಯಷ್ಟೇ ಮುಖ್ಯ ಅದನ್ನ ಹಿಡಿದಿಡೋ ವಸ್ತು.

ಅದಕ್ಕೇ ಈಗ ಲ್ಯಾಬ್‌ಗಳಲ್ಲಿ ನೀರು ಹಿಡ್ಕೊಂಡಿರೋ ಹೈಡ್ರೋಜೆಲ್, ಕರಗೋ ಪಾಲಿಮರ್‌ನ ಸಣ್ಣ ಕಾಳುಗಳು, ಪ್ರೋಟೀನ್‌ನ ಬಿಗಿಯಾಗಿ ಹಿಡ್ಕೊಳ್ಳೋ ಹೆಪರಿನ್ ಇವನ್ನೆಲ್ಲ ಪ್ರಯತ್ನ ಮಾಡ್ತಿದಾರೆ. ಒಂದು ಚೆಂದದ ಐಡಿಯಾ ಹೇಳ್ತೀನಿ: ಊತ ಎಬ್ಬಿಸೋ ಇಂಟರ್‌ಫೆರಾನ್ ಗಾಮಾನ ಸಡಿಲವಾಗಿ ಅಂಟಿಸಿ ಮೊದಲು ಬಿಡೋದು, ಐಎಲ್-4ನ ಗಟ್ಟಿಯಾಗಿ ಕಟ್ಟಿ ನಿಧಾನಕ್ಕೆ ಬಿಡೋದು. ಆದ್ರೆ ಎರಡೂ ಒಟ್ಟಿಗೇ ಹೊರಗೆ ಬರೋಕೆ ಶುರುವಾದ್ರೆ ಒಂದರ ಕೆಲಸ ಇನ್ನೊಂದು ಕೆಡಿಸುತ್ತೆ, ಈ ಪ್ರಯೋಗಗಳಲ್ಲಿ ಎದುರಾದ ದೊಡ್ಡ ತೊಡಕೇ ಅದು.

ಇಂಥ ಇಮ್ಯೂನ್ ಜೆಲ್ ಇನ್ನೂ ಪ್ರಯೋಗದ ಹಂತದಲ್ಲೇ ಇದೆ, ತಮ್ಮನ ಚಿಕಿತ್ಸೆನ ಅದಕ್ಕಾಗಿ ಕಾಯಿಸ್ಬೇಡಿ. ಒಂಬತ್ತು ತಿಂಗಳಾದ್ರೂ ಕೂಡ್ದೆ, ಮೂರು ತಿಂಗಳಿಂದ ಎಕ್ಸ್‌ರೇನಲ್ಲಿ ಏನೂ ಬದಲಾವಣೆ ಕಾಣ್ದೆ ಇದ್ರೆ ಅದನ್ನ ನಾನ್‌ಯೂನಿಯನ್ ಅಂತೀವಿ. ಒಳಗೆ ಇನ್‌ಫೆಕ್ಷನ್ ಇದೆಯಾ, ರಾಡ್ ಸಡಿಲ ಆಗಿದೆಯಾ, ಶುಗರ್, ವಿಟಮಿನ್ ಡಿ ಎಷ್ಟಿದೆ, ಇಷ್ಟನ್ನ ಮೊದಲು ಕೇಳಿ. ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಹಾಕೋ ಗ್ರಾಫ್ಟ್ ಬಗ್ಗೆನೂ ಮಾತಾಡಿ, ಅದರಲ್ಲಿ ಜೀವಂತ ಸೆಲ್‌ಗಳೂ ಬೆಳವಣಿಗೆಯ ಪ್ರೋಟೀನ್‌ಗಳೂ ಒಟ್ಟಿಗೇ ಸಿಗ್ತವೆ. ತಮ್ಮ ಸಿಗರೇಟ್ ಸೇದ್ತಿದ್ರೆ ದಯವಿಟ್ಟು ಇವತ್ತೇ ಬಿಡಿಸಿ.